ದವಡೆಮೂಳೆಗೆ ನೀರು ಹಾಯಿಸುವುದನ್ನು ನಿಷೇಧಿಸುವ ಬಗ್ಗೆ

ದಂತ ವಿಭಾಗ
ಸ್ಥಿರ ಹಲ್ಲು ಅಳವಡಿಕೆ ಶಾಖೆ
(ಮೊದಲ ಮಹಡಿ, ಕೆಟ್ಟಿರುವ ಲಿಫ್ಟಿನಿಂದ ಎಡಕ್ಕೆ)

ಸಂಖ್ಯೆ: ದಂವಿ/ದವಡೆ/ನೀರು/೪

ಸುತ್ತೋಲೆ

ವಿಷಯ: ದವಡೆಮೂಳೆ ಸವೆದಿರುವ ರೋಗಿಗಳಿಗೆ ಲಭ್ಯವಿರುವ ಇಂಪ್ಲಾಂಟ್ ಚಿಕಿತ್ಸೆಯ ಆಯ್ಕೆಗಳು, ಸದರಿ ಮೂಳೆಯ ಮೇಲೆ ನೀರು ನಿಲ್ಲಿಸುವುದರ ನಿಷೇಧ, ಹಾಗೂ ಸಿಳ್ಳೆಯ ಬಗ್ಗೆ.

ಉಲ್ಲೇಖ:
೧) ಕಿರಿಯ ವೈದ್ಯೆಯವರು ರೋಗಿಗೆ ನೀಡಿದ ಉದಾಹರಣೆ (ಮೌಖಿಕ).
೨) ಹೆಸರು ಕೂಗುವ ಗುಮಾಸ್ತರ ದೂರು (ಲಿಖಿತ, ಒದ್ದೆ).
೩) ರೋಗಿಗಳ ಪತ್ನಿಯರ ಜಂಟಿ ಮನವಿ (ಲಿಖಿತ, ತಿರಸ್ಕೃತ).

ಪ್ರಸ್ತಾವನೆ:

ಹಲ್ಲು ಹೋದ ಜಾಗವನ್ನು ಬಹುಕಾಲ ಖಾಲಿ ಬಿಟ್ಟರೆ ಅಲ್ಲಿನ ಮೂಳೆ ತಾನಾಗಿಯೇ ಸವೆಯುತ್ತದೆ. ಸವೆದ ಮೂಳೆಯಲ್ಲಿ ಇಂಪ್ಲಾಂಟ್ ಎಂಬ ತಿರುಪು ನಿಲ್ಲುವುದಿಲ್ಲ. ಅಂಥವರಿಗೆ ಮೊದಲು ಮೂಳೆಪುಡಿ ತುಂಬಿಸಿ, ಅದು ಕೂಡಿಕೊಳ್ಳುವವರೆಗೆ ತಿಂಗಳುಗಟ್ಟಲೆ ಕಾಯುವುದು ಒಂದು ಕ್ರಮ. ಈ ಕ್ರಮವನ್ನು ಕಟ್ಟಡ ಕೆಲಸದ ಮೇಸ್ತ್ರಿಯೊಬ್ಬರಿಗೆ (ಇನ್ನು ಮುಂದೆ 'ಮೇಸ್ತ್ರಿ') ತಿಳಿಸುವಾಗ, ಅವರಿಗೆ ಬೇಗ ಅರ್ಥವಾಗಲೆಂಬ ಸದುದ್ದೇಶದಿಂದ ಕಿರಿಯ ವೈದ್ಯೆಯವರು "ಕಾಂಕ್ರೀಟ್ ಹಾಕಿದ ಹಾಗೆ ಅಂದ್ಕೊಳ್ಳಿ" ಎಂದಿರುವುದು ವಿಚಾರಣೆಯಿಂದ ತಿಳಿದುಬಂದಿದೆ. ಮೇಸ್ತ್ರಿಯವರು ಹಾಗೆಯೇ ಅಂದುಕೊಂಡಿದ್ದಾರೆ.

ಕಾಂಕ್ರೀಟ್ ಹಾಕಿದ ಮೇಲೆ ನೀರು ಕಾಣಿಸದಿದ್ದರೆ ಬಿರುಕು ಬಿಡುತ್ತದೆ. ಆದುದರಿಂದ ಮೇಸ್ತ್ರಿಯವರು ಎದ್ದಾಗಿನಿಂದ ಮಲಗುವವರೆಗೆ ಬಾಯಲ್ಲಿ ನೀರು ನಿಲ್ಲಿಸಿಕೊಂಡು, ಆಗಾಗ ಜೋರಾಗಿ ಮುಕ್ಕಳಿಸಿ ಹೊಸ ನೀರು ತುಂಬಿಸಿಕೊಂಡು, ಹೊರಗಿನಿಂದ ಗಲ್ಲಕ್ಕೆ ಒದ್ದೆ ಗೋಣಿಚೀಲ ಸುತ್ತಿಕೊಂಡಿದ್ದಾರೆ. ಪರಿಣಾಮವಾಗಿ, ತುಂಬಿಸಿದ್ದ ಮೂಳೆಪುಡಿಯು ನಿಲ್ಲದೆ ತೊಳೆದುಹೋಗಿದೆ. ಕೆಲಸ ಸ್ವಚ್ಛವಾಗಿತ್ತೆಂದು ಪರೀಕ್ಷಿಸಿದ ಹಿರಿಯ ವೈದ್ಯರು ದಾಖಲಿಸಿದ್ದಾರೆ.

ವಿಷಯ ಇಲ್ಲಿಗೇ ಮುಗಿದಿದ್ದರೆ ಸುತ್ತೋಲೆಯ ಅಗತ್ಯವಿರಲಿಲ್ಲ. ಮೇಸ್ತ್ರಿಯವರದು ನಾಲ್ಕು ಜನಕ್ಕೆ ಕೆಲಸ ಹೇಳಿಕೊಟ್ಟು ಬಂದ ಜೀವ. ಕಾಯುವ ಬೆಂಚಿನ ಮೇಲೆ ಕೂತಷ್ಟು ಹೊತ್ತು ಪಕ್ಕದವರಿಗೂ ಈ ವಿದ್ಯೆ ಕಲಿಸಿದ್ದಾರೆ. ಈಗ ಗುಮಾಸ್ತರು ಹೆಸರು ಕೂಗಿದರೆ ಬೆಂಚಿನಿಂದ ಉತ್ತರ ಬರುವುದಿಲ್ಲ. ಗಲ್ಲ ಉಬ್ಬಿಸಿಕೊಂಡ ಒಂದು ಸಾಲು ಜನ ಅವರನ್ನೇ ನೋಡುತ್ತದೆ. ಯಾರೂ ಬಾಯಿ ಬಿಡದ ಕಾರಣ, ಕಣ್ಣಿನ ವಿಭಾಗಕ್ಕೆ ದಾರಿ ಕೇಳಲು ಬಂದಿದ್ದ, ಎಲ್ಲ ಹಲ್ಲೂ ಗಟ್ಟಿಯಾಗಿದ್ದ ವ್ಯಕ್ತಿಯೊಬ್ಬರು 'ಬಂದೆ' ಎಂದ ಒಂದೇ ತಪ್ಪಿಗೆ ಚಿಕಿತ್ಸೆಯ ಕುರ್ಚಿಯವರೆಗೆ ಹೋಗಿ ಬಂದಿದ್ದಾರೆ.

ಮೇಸ್ತ್ರಿಯವರ ಆತುರಕ್ಕೆ ಕಾರಣವಿದೆ. ಅವರು ಕೆಲಸ ಮಾಡುವ ಕಟ್ಟಡದಲ್ಲಿ ಸಾಮಾನು ಏರಿಸುವ ಲಿಫ್ಟು ನಿಲ್ಲುವುದೂ ಹೊರಡುವುದೂ ಅವರ ಸಿಳ್ಳೆಯ ಮೇಲೆ. ಮೇಲಿನ ಹಲ್ಲುಗಳು ಉದುರಿದಂದಿನಿಂದ ಸಿಳ್ಳೆ ಹೋಗಿದೆ, ಬರೀ ಗಾಳಿ ಉಳಿದಿದೆ. ಎಂಜಿನಿಯರರು ಪ್ಲಾಸ್ಟಿಕ್ ಪೀಪಿ ಕೊಟ್ಟು ನೋಡಿದರು. ಅದೇ ಪೀಪಿ ಪಕ್ಕದ ಪಾರ್ಕಿಂಗ್ ಕಾವಲುಗಾರನ ಬಳಿಯೂ ಇದ್ದು, ಯಾರಾದರೂ ಕಾರು ಹಿಂದಕ್ಕೆ ತೆಗೆದಾಗಲೆಲ್ಲ ಲಿಫ್ಟು ನಡುದಾರಿಯಲ್ಲಿ ನಿಲ್ಲತೊಡಗಿತು. ತಾರಸಿ ಹಾಕುವ ಹೊತ್ತಿಗೆ ಸಿಳ್ಳೆ ಬಾರದಿದ್ದರೆ ಮೇಸ್ತ್ರಿಯವರನ್ನು ಗೇಟಿನ ಬಳಿ ಕುರ್ಚಿ ಹಾಕಿ ಕಾವಲಿಗೆ ಕೂರಿಸುವುದೆಂದು ಎಂಜಿನಿಯರರು ತಿಳಿಸಿದ್ದಾರೆ. ಕುರ್ಚಿ ಈಗಾಗಲೇ ಬಂದಿದೆ.

ಮೇಲಿನ ಸಂಗತಿಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ಸಿಬ್ಬಂದಿ, ರೋಗಿಗಳು ಹಾಗೂ ಅವರ ಜೊತೆ ಬರುವವರ ಗಮನಕ್ಕೆ ಈ ಕೆಳಕಂಡಂತೆ ಸೂಚಿಸಲಾಗಿದೆ:

೧. ಮೂಳೆಪುಡಿಯು ಕಾಂಕ್ರೀಟ್ ಅಲ್ಲ. ಇನ್ನು ಮುಂದೆ ವೈದ್ಯರು ಉದಾಹರಣೆ ಕೊಡುವ ಮುನ್ನ ರೋಗಿಯ ಕಸುಬು ವಿಚಾರಿಸಿ, ಆ ಕಸುಬಿಗೆ ಯಾವ ಸಂಬಂಧವೂ ಇಲ್ಲದ ಉದಾಹರಣೆಯನ್ನೇ ಕೊಡತಕ್ಕದ್ದು. ತೋಟಗಾರರಿಗೆ ಸಸಿ ನೆಡುವ ಮಾತು, ಅಡುಗೆಯವರಿಗೆ ಹಿಟ್ಟು ಹುದುಗುವ ಮಾತು ಕೂಡದು. 'ಅಂಟು ಹಚ್ಚಿ ಕೂಡಿಸಿದ ಹಾಗೆ' ಎಂದು ಕೇಳಿಸಿಕೊಂಡು ಹೋಗಿ, ಮರುದಿನ ತಲೆಗೂ ಗದ್ದಕ್ಕೂ ಸೇರಿಸಿ ಹಗ್ಗ ಬಿಗಿದುಕೊಂಡು ಬಂದ ಬಡಗಿಯವರ ಪ್ರಕರಣವನ್ನು ಪ್ರತ್ಯೇಕವಾಗಿ ಬಿಚ್ಚಲಾಗುತ್ತಿದೆ.

೨. ಬಾಯಿಗೆ ಹಾಕಿಕೊಂಡ ನೀರನ್ನು ತಡಮಾಡದೆ ನುಂಗತಕ್ಕದ್ದು. ಮೂಳೆ ತುಂಬಿಸಿಕೊಂಡವರು ವೈದ್ಯರು ಹೇಳುವವರೆಗೆ ಜೋರಾಗಿ ಮುಕ್ಕಳಿಸತಕ್ಕದ್ದಲ್ಲ. ಗೋಣಿಚೀಲವನ್ನು ಒಣಗಿಸಿಯೂ ಸುತ್ತಿಕೊಳ್ಳತಕ್ಕದ್ದಲ್ಲ. ಬಾಯಲ್ಲಿ ನೀರಿದೆಯೆಂಬ ಅನುಮಾನ ಬಂದಲ್ಲಿ ಗುಮಾಸ್ತರು ರೋಗಿಗೆ ಒಂದು ನಗೆಹನಿ ಹೇಳಿ ಪರೀಕ್ಷಿಸತಕ್ಕದ್ದು. ಗುಮಾಸ್ತರ ನಗೆಹನಿಗಳಿಗೆ ಬಾಯಲ್ಲಿ ನೀರಿಲ್ಲದವರೂ ನಗದಿರುವುದರಿಂದ ಈ ಪರೀಕ್ಷೆಯನ್ನು ನಂಬುವಂತಿಲ್ಲ. ಆದಾಗ್ಯೂ ಗುಮಾಸ್ತರ ಕೋರಿಕೆಯ ಮೇರೆಗೆ ಅದನ್ನು ಮುಂದುವರಿಸಲಾಗಿದೆ.

೩. ನೀರಿನ ಪದ್ಧತಿಯನ್ನು ನಿಲ್ಲಿಸಬಾರದೆಂದು ರೋಗಿಗಳ ಪತ್ನಿಯರು ಮನವಿ ಸಲ್ಲಿಸಿರುತ್ತಾರೆ. ಮನೆಗಳಲ್ಲಿ ಹಿಂದೆಂದೂ ಕಾಣದ ಶಾಂತಿ ನೆಲೆಸಿದೆಯೆಂದೂ, ಬಾಯಿಗೆ ಬೀಗ ಹಾಕೆಂದು ಬೇಡಿಕೊಂಡ ಹರಕೆಗೆ ನಲ್ಲಿನೀರೇ ಸಾಕಾಯಿತೆಂದೂ ಅದರಲ್ಲಿ ನಿವೇದಿಸಲಾಗಿದೆ. ಈ ಪೈಕಿ ಮೇಸ್ತ್ರಿಯವರ ಪತ್ನಿಯ ಹೇಳಿಕೆಯನ್ನು ಇದ್ದಂತೆಯೇ ದಾಖಲಿಸಲಾಗಿದೆ: "ಮದುವೆಯಾದಾಗಿನಿಂದ ನಾನು ಶುರುಮಾಡಿದ ಮಾತನ್ನ ನಾನೇ ಮುಗಿಸಿದ್ದು ಇದೇ ಮೊದಲು ಸಾರ್." ಮನವಿಯನ್ನು ಸಹಾನುಭೂತಿಯಿಂದ ಓದಿ ತಿರಸ್ಕರಿಸಲಾಗಿದೆ. ಸಹಿ ಮಾಡಿದವರಲ್ಲಿ ಒಬ್ಬರು ಈ ಸುತ್ತೋಲೆ ಹೊರಡಿಸುತ್ತಿರುವ ಅಧಿಕಾರಿಯ ಮನೆಯವರಾಗಿದ್ದು, ಅವರ ಪತಿಯು ರೋಗಿಯಲ್ಲವೆಂಬುದನ್ನು ಗಮನಿಸಲಾಗಿದೆ.

೪. ಮೂಳೆ ಸವೆದವರಿಗೆ ಇರುವ ದಾರಿಗಳು ಹೀಗಿವೆ. (ಅ) ಮೂಳೆಪುಡಿ ತುಂಬಿಸಿ, ಕಾದು, ಅನಂತರ ಇಂಪ್ಲಾಂಟ್ ಹಾಕುವುದು. ಇದಕ್ಕೆ ತಾಳ್ಮೆ ಬೇಕು, ನೀರು ಬೇಡ. (ಆ) ಮೇಲಿನ ದವಡೆಯ ಹಿಂಭಾಗದಲ್ಲಿ, ಮೂಗಿನ ಪಕ್ಕದ ಗಾಳಿಗೂಡಿನ ತಳವನ್ನು ಎತ್ತರಿಸಿ, ಅಲ್ಲಿ ಮೂಳೆಗೆ ಜಾಗ ಮಾಡುವುದು. (ಇ) ಮುಂಭಾಗದಲ್ಲಿ ಉಳಿದಿರುವ ಮೂಳೆಯನ್ನೇ ನಂಬಿ, ಹಿಂದಿನ ಇಂಪ್ಲಾಂಟುಗಳನ್ನು ಓರೆಯಾಗಿ ಕೂರಿಸಿ, ಅವುಗಳ ಮೇಲೆ ಇಡೀ ಸಾಲು ಹಲ್ಲು ನಿಲ್ಲಿಸುವುದು. (ಈ) ದವಡೆಯಲ್ಲಿ ಏನೂ ಉಳಿದಿಲ್ಲವಾದರೆ ಉದ್ದನೆಯ ಇಂಪ್ಲಾಂಟುಗಳಿಂದ ಕೆನ್ನೆಮೂಳೆಯನ್ನು ಹಿಡಿಯುವುದು. (ಉ) ಕೆಲವೇ ಇಂಪ್ಲಾಂಟುಗಳ ಮೇಲೆ ಹಾಕಿ ತೆಗೆಯುವ ಹಲ್ಲಿನ ಸೆಟ್ಟನ್ನು ಅಂಗಿಯ ಗುಂಡಿಯಂತೆ ಒತ್ತಿ ಕೂರಿಸುವುದು. ಯಾರಿಗೆ ಯಾವುದು ಎಂಬುದನ್ನು ಸ್ಕ್ಯಾನ್ ನೋಡಿ ವೈದ್ಯರೂ ರೋಗಿಯೂ ಸೇರಿ ತೀರ್ಮಾನಿಸುವರು. ಬೆಂಚಿನ ಮೇಲೆ ಕೈ ಎತ್ತಿಸಿ ಬಹುಮತದಿಂದ ತೀರ್ಮಾನಿಸತಕ್ಕದ್ದಲ್ಲ. ಬೀಗರಿಗೆ ಈ ವಿಷಯದಲ್ಲಿ ಮತವಿರುವುದಿಲ್ಲ. ರೋಗಿಯೊಬ್ಬರ ಭಾವನವರ ಹಳೆಯ ಸೆಟ್ಟನ್ನು ತೊಳೆದು ಹಾಕಿಕೊಳ್ಳುವುದು ಮೇಲಿನ ಯಾವ ದಾರಿಯಲ್ಲಿಯೂ ಬರುವುದಿಲ್ಲ; ಭಾವನವರು ಅದನ್ನು ಮತ್ತೆ ಮತ್ತೆ ತಂದು ಗುಮಾಸ್ತರ ಮೇಜಿನ ಮೇಲೆ ಇಡತಕ್ಕದ್ದಲ್ಲ.

೫. ಮೇಸ್ತ್ರಿಯವರ ಬಾಯಿಗೆ (ಇ) ದಾರಿಯು ಸೂಕ್ತವೆಂದೂ, ಮೂಳೆ ಬೆಳೆಯುವವರೆಗೆ ಕಾಯದೆ ತಾತ್ಕಾಲಿಕ ಹಲ್ಲುಸಾಲನ್ನು ಬೇಗನೆ ಕೂರಿಸಬಹುದೆಂದೂ ಹಿರಿಯ ವೈದ್ಯರು ಅಭಿಪ್ರಾಯಪಟ್ಟರು. ಅದಕ್ಕೆ ಮೇಸ್ತ್ರಿಯವರು ಎಕ್ಸ್‌ರೇ ಹಾಳೆಯನ್ನು ಕಿಟಕಿಗೆ ಅಂಟಿಸಿ, ಜೇಬಿನಿಂದ ತೂಗುಗುಂಡು ತೆಗೆದು ಇಳಿಬಿಟ್ಟು ನೋಡಿ, ಆಕ್ಷೇಪಣೆ ಸಲ್ಲಿಸಿದರು. "ಕಂಬ ಓರೆಯಾಗಿ ನಿಲ್ಲಿಸಿ, ಇದು ಬೇಕೂಂತ್ಲೇ ಮಾಡಿದ್ದು ಅಂತ ನಾನು ಹೇಳಿದ್ರೆ ಜನ ಬಿಡ್ತಾರಾ ಮೇಡಮ್?" ಎಂಬುದು ಆಕ್ಷೇಪಣೆಯ ಸಾರ. ಖಂಡಿಕೆ ೧ರ ಪ್ರಕಾರ ಕಟ್ಟಡದ ಉದಾಹರಣೆ ಕೊಡುವಂತಿಲ್ಲದ ಕಾರಣ ಕಿರಿಯ ವೈದ್ಯೆಯವರು ಎದ್ದು, ತಾವು ಕುಳಿತಿದ್ದ ಮರದ ಸ್ಟೂಲನ್ನು ತೋರಿಸಿದರು. ಅದರ ಕಾಲುಗಳು ಹೊರಕ್ಕೆ ಓರೆಯಾಗಿದ್ದವು. ಮೇಸ್ತ್ರಿಯವರು ಅದರ ಮೇಲೆ ಕೂತು, ಅತ್ತಿತ್ತ ವಾಲಿ, ಎದ್ದು, ತೂಗುಗುಂಡನ್ನು ಜೇಬಿಗೆ ಹಾಕಿಕೊಂಡರು. ಇದನ್ನು ಲಿಖಿತ ಒಪ್ಪಿಗೆ ಎಂದು ಪರಿಗಣಿಸಲಾಗಿದೆ. ಸ್ಟೂಲು ಬಡಗಿಯವರ ಕಸುಬಿಗೆ ಸೇರಿದ್ದಾದ್ದರಿಂದ ಬಡಗಿಯವರಿಗೆ ಅದನ್ನು ತೋರಿಸತಕ್ಕದ್ದಲ್ಲ.

೬. ಗೋಡೆಯ ಮೇಲೆ ಯಾರೋ ಬರೆದಿರುವ 'ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ' ಎಂಬ ಗಾದೆಯನ್ನು ಅಳಿಸತಕ್ಕದ್ದು. ಗಾದೆಯ ಎರಡನೆಯ ಭಾಗ ಮಾತ್ರ ಈ ವಿಭಾಗಕ್ಕೆ ಸಂಬಂಧಿಸಿದೆ. ಕಡಲೆಯನ್ನು ರೋಗಿಗಳೇ ಹೊಂದಿಸಿಕೊಳ್ಳತಕ್ಕದ್ದು. ಹೊಂದಿಸಿಕೊಂಡರೂ ತಾತ್ಕಾಲಿಕ ಹಲ್ಲಿನಲ್ಲಿ ಅದನ್ನು ಕಡಿಯತಕ್ಕದ್ದಲ್ಲ.

೭. ಹಲ್ಲಿನ ಅಂಗೀಕೃತ ಕೆಲಸಗಳು ಅಗಿಯುವುದು, ಮಾತನಾಡುವುದು, ನಗುವುದು ಎಂದಿದ್ದುದನ್ನು ತಿದ್ದುಪಡಿ ಮಾಡಿ 'ಸಿಳ್ಳೆ ಹೊಡೆಯುವುದು' ಎಂದು ಸೇರಿಸಲಾಗಿದೆ. ಸಿಳ್ಳೆಯ ಪ್ರಮಾಣವನ್ನು ಗೊತ್ತುಪಡಿಸಲು ಹಿರಿಯ ವೈದ್ಯರು ಸ್ವತಃ ಪ್ರಯತ್ನಿಸಿ, ಬಾರದಿದ್ದುದರಿಂದ ಆ ವಿಷಯವನ್ನು ಕೈಬಿಡಲಾಗಿದೆ. ಮೇಸ್ತ್ರಿಯವರಿಗೆ ಇಂಪ್ಲಾಂಟ್ ಕೂರಿಸಿದ ಮೇಲೆ ಹಲ್ಲು ತಯಾರಿಸುವವರು ಮೊದಲು ಕೊಟ್ಟ ತಾತ್ಕಾಲಿಕ ಸಾಲು ಮುತ್ತು ಪೋಣಿಸಿದಂತಿತ್ತು. ಮೊದಲಿನಿಂದಲೂ ಸಿಳ್ಳೆ ಹೊರಡುತ್ತಿದ್ದ ಸಂದು ಎಲ್ಲಿ ಹೋಯಿತೆಂದು ಮೇಸ್ತ್ರಿಯವರು ಕೇಳಿದ ಮೇರೆಗೆ, ಮುಂದಿನ ಎರಡು ಹಲ್ಲುಗಳ ನಡುವೆ ಸಂದು ಬಿಡಿಸಿ ಮತ್ತೆ ಮಾಡಿಸಿ ಕೂರಿಸಲಾಗಿದೆ. ಇಷ್ಟು ಒಳ್ಳೆಯ ಕೆಲಸವನ್ನು ಕೆಡಿಸಿದ್ದಕ್ಕಾಗಿ ಹಲ್ಲು ತಯಾರಿಸುವವರು ಈಗಲೂ ಯಾರೊಡನೆಯೂ ಮಾತನಾಡುತ್ತಿಲ್ಲ. ಅವರ ಬಾಯಲ್ಲಿ ನೀರಿಲ್ಲವೆಂದು ಖಚಿತಪಡಿಸಿಕೊಳ್ಳಲಾಗಿದೆ.

೮. ಸಿಳ್ಳೆ ಪರೀಕ್ಷೆಯನ್ನು ಕೊರೆಯುವ ಯಂತ್ರ ನಡೆಯುತ್ತಿರುವ ಕೋಣೆಯ ಹತ್ತಿರ ನಡೆಸತಕ್ಕದ್ದಲ್ಲ. ಈ ನಿಯಮ ಇಲ್ಲದಿದ್ದ ಕಾಲದಲ್ಲಿ, ಅಂದರೆ ಮೊನ್ನೆ, ಮೇಸ್ತ್ರಿಯವರ ಪರೀಕ್ಷೆಯು ಕಾಯುವ ಬೆಂಚಿನ ಎದುರಿಗೇ ನಡೆದಿದ್ದು, ಅದರ ವರದಿ ಹೀಗಿದೆ. ಮೊದಲ ಪ್ರಯತ್ನದಲ್ಲಿ ಗಾಳಿ ಬಂತು. ಎರಡನೆಯದರಲ್ಲಿ ಬಂದದ್ದು ಗುಮಾಸ್ತರ ಕನ್ನಡಕದ ಮೇಲೆ ಬಿತ್ತು. ಆಮೇಲೆ ಮೇಸ್ತ್ರಿಯವರು ಬೆರಳುಗಳನ್ನು ಬಾಯಿಂದ ತೆಗೆದು, ಅಂಗಿಗೆ ಒರೆಸಿಕೊಂಡು, ನೆಲ ನೋಡುತ್ತಾ ಕೂತರು. ಗೇಟಿನ ಹತ್ತಿರವೂ ನೆರಳಿರುತ್ತದೆ, ಪರವಾಗಿಲ್ಲ ಎಂಬರ್ಥದ ಮಾತನ್ನು ಯಾರಿಗೂ ಅಲ್ಲವೆಂಬಂತೆ ಆಡಿದರು. ಆಗ, ಮನವಿಗೆ ಮೊದಲ ಸಹಿ ಹಾಕಿದ್ದ ಅವರ ಪತ್ನಿಯು ಬೆಂಚಿನಿಂದ ಎದ್ದು ಬಂದು ಹೇಳಿದ್ದು: "ಮನೇಲಿ ನೀವು ಎಷ್ಟಾದ್ರೂ ಮಾತಾಡಿ, ನಾನು ಕೇಳ್ತೀನಿ. ಈಗ ಹೊಡೀರಿ."

ಮೇಸ್ತ್ರಿಯವರು ಹೊಡೆದರು.

ಹೊಡೆದ ಕೂಡಲೇ ಗಾಲಿಕುರ್ಚಿ ತಳ್ಳುತ್ತಿದ್ದವರು ನಿಂತರು, ಕೆಳಗೆ ರಸ್ತೆಯಲ್ಲಿ ಒಂದು ಬಸ್ಸು ನಿಂತಿತು, ಒಳಗೆ ಕೊರೆಯುತ್ತಿದ್ದವರು ಕೊರೆಯುವುದನ್ನು ನಿಲ್ಲಿಸಿ 'ಯಾರದು' ಎಂದರು. ಬೆಂಚಿನ ಮೇಲಿದ್ದವರೆಲ್ಲ ಬಾಯಲ್ಲಿದ್ದುದನ್ನು ಒಟ್ಟಿಗೆ ನುಂಗಿದ್ದರಿಂದ ಖಂಡಿಕೆ ೨ರ ಪಾಲನೆಯೂ ಆಗಿದೆ. ಕಿರಿಯ ವೈದ್ಯೆಯವರು ಕರ್ತವ್ಯದ ವೇಳೆಯಲ್ಲಿ ಚಪ್ಪಾಳೆ ತಟ್ಟಿದ್ದಕ್ಕೆ ಕಾರಣ ಕೇಳಲಾಗಿತ್ತು. ಅವರು ಕೊಟ್ಟ ಕಾರಣವನ್ನು ಒಪ್ಪಲಾಗಿದೆ.

೯. ಈ ಸುತ್ತೋಲೆಯಲ್ಲಿ ಅರ್ಥವಾಗದ ಅಂಶಗಳಿದ್ದಲ್ಲಿ ಗುಮಾಸ್ತರನ್ನು ಕೇಳಿ ತಿಳಿಯತಕ್ಕದ್ದು. ಅವರು ಮೊದಲು ನಗೆಹನಿ ಹೇಳುವರು, ತಾಳಿಕೊಳ್ಳತಕ್ಕದ್ದು.

ಸಹಿ/-
ಆಡಳಿತಾಧಿಕಾರಿ
ದಂತ ವಿಭಾಗ
(ಸ್ವಂತ ಹಲ್ಲು, ಸದ್ಯಕ್ಕೆ)

ಪ್ರತಿಗಳು:
೧. ಎಲ್ಲ ವೈದ್ಯರಿಗೆ, ಉದಾಹರಣೆ ಕೊಡದೆ ಓದಿಕೊಳ್ಳಲು.
೨. ಬಡಗಿಯವರಿಗೆ, ಹಗ್ಗದ ಸಮೇತ.
೩. ಭಾವನವರಿಗೆ, ಸೆಟ್ಟಿನ ಸಮೇತ.
೪. ಕಣ್ಣಿನ ವಿಭಾಗಕ್ಕೆ, ಅವರ ಕಡೆ ಬರಬೇಕಾದವರು ತಡವಾಗಿ ಬಂದುದಕ್ಕೆ ವಿಷಾದದೊಂದಿಗೆ.
೫. ಮನವಿಗೆ ಸಹಿ ಮಾಡಿದ ಪತ್ನಿಯರಿಗೆ. (ಆಡಳಿತಾಧಿಕಾರಿಯ ಮನೆಗೆ ಅಂಚೆಯಲ್ಲಿ ಕಳುಹಿಸುವುದು, ಕೈಯಲ್ಲಿ ಕೊಡಲು ಅಧಿಕಾರಿಯವರು ಒಪ್ಪಿರುವುದಿಲ್ಲ.)
೬. ಕಚೇರಿ ಪ್ರತಿ.
೭. ಕಟ್ಟಡದ ಎಂಜಿನಿಯರರಿಗೆ: ಸದರಿ ಮೇಸ್ತ್ರಿಯವರನ್ನು ಈ ವಿಭಾಗವು ಕೂಲಂಕಷವಾಗಿ ಪರೀಕ್ಷಿಸಿದ್ದು, ಅವರು ಗೇಟಿನ ಬಳಿ ಕುರ್ಚಿಯಲ್ಲಿ ಕೂರಲು ಹಲ್ಲಿನ ದೃಷ್ಟಿಯಿಂದ ಅನರ್ಹರೆಂದು ಈ ಮೂಲಕ ದೃಢೀಕರಿಸಲಾಗಿದೆ.