ಹೊಲಿಗೆ ಕೋಣೆಯ ಗೋಡೆಯ ಮೂರನೆಯ ತೂತಿನ ಬಗ್ಗೆ

ಗೃಹ ನಿರ್ವಹಣಾ ವಿಭಾಗ

ಸಂಖ್ಯೆ: ಗೃನಿವಿ/ಗೋಡೆ/ತೂತು-3/ತುರ್ತು
ದಿನಾಂಕ: ಬುಧವಾರ, ಕರೆಂಟ್ ಹೋದ ಎರಡನೇ ದಿನ

ವಿಷಯ: ದಾರದ ರೀಲುಗಳಿಗೆ ಹಲಗೆ ಕೂರಿಸುವಾಗ ಗೋಡೆಯೊಳಗಿನ ವಿದ್ಯುತ್ ತಂತಿಗೆ ಆದ ಹಾನಿ ಮತ್ತು ಅದರ ದುರಸ್ತಿ ಕುರಿತು.

ಉಲ್ಲೇಖ: 1. ಹೊಲಿಗೆ ವಿಭಾಗದ (ಪತ್ನಿ) ಮೌಖಿಕ ಆಕ್ಷೇಪಣೆ, ಮಂಗಳವಾರ ಸಂಜೆ.
2. ಅದೇ ಆಕ್ಷೇಪಣೆ, ಇನ್ನೂ ಜೋರಾಗಿ.

ಹೊಲಿಗೆ ವಿಭಾಗಕ್ಕೆ ಅನುಕೂಲವಾಗಲೆಂಬ ಸದುದ್ದೇಶದಿಂದ ಮಷಿನ್ ಪ್ಲಗ್ಗಿನ ನೇರ ಮೇಲೆ ಮೂರು ತೂತು ಕೊರೆಯಲಾಗಿದ್ದು, ಮೊದಲೆರಡು ತೃಪ್ತಿಕರವಾಗಿರುತ್ತವೆ. ಮೂರನೆಯದರಲ್ಲಿ ‘ಟಪ್’ ಎಂಬ ಶಬ್ದ ಬಂದು ಕೋಣೆಯ ಕರೆಂಟ್ ಹೋಗಿರುತ್ತದೆ. ಪ್ಲಗ್ಗಿನ ತಂತಿ ಗೋಡೆಯೊಳಗೆ ನೇರ ಮೇಲಕ್ಕೇ ಹೋಗುತ್ತದೆ ಎಂಬ ಸಂಗತಿಯನ್ನು ತದನಂತರ ಗಮನಿಸಲಾಯಿತು. ವಾದ್ಯದ ತಂಡದವರ ಹನ್ನೆರಡು ಕೋಟುಗಳನ್ನು ಶುಕ್ರವಾರ ಬೆಳಿಗ್ಗೆ ಒಪ್ಪಿಸಬೇಕಾಗಿದ್ದು, ಐದು ಮಾತ್ರ ಸಿದ್ಧವಿವೆ, ಏಳಕ್ಕೆ ತೋಳಿಲ್ಲ. ಆದ್ದರಿಂದ ಮನೆಯ ಸಮಸ್ತರಿಗೂ ಈ ಮೂಲಕ ಸೂಚಿಸುವುದೇನೆಂದರೆ:

1. ಕೊರೆಯುವ ಮುನ್ನ ಮೇನ್ ಸ್ವಿಚ್ ಆಫ್ ಮಾಡಲಾಗಿತ್ತೇ ಎಂಬ ಪ್ರಶ್ನೆಗೆ, ಫ್ಯಾನಿನ ಸ್ವಿಚ್ ಆಫ್ ಮಾಡಲಾಗಿತ್ತು ಎಂದು ಈಗಾಗಲೇ ಉತ್ತರಿಸಲಾಗಿದೆ. ಇದೇ ಪ್ರಶ್ನೆಯನ್ನು ಊಟದ ಹೊತ್ತಿನಲ್ಲಿ ಮತ್ತೆ ಕೇಳತಕ್ಕದ್ದಲ್ಲ.

2. ಸದರಿ ಕೋಣೆಯ ಫ್ಯೂಸನ್ನು ಕಿತ್ತು ವಿಭಾಗಾಧಿಕಾರಿಯ (ಪತಿ) ಅಂಗಿ ಜೇಬಿನಲ್ಲಿ ಭದ್ರಪಡಿಸಲಾಗಿದೆ. ಅಂಗಿಯನ್ನು ಒಗೆಯಲು ಹಾಕುವವರು ಲಿಖಿತ ಅನುಮತಿ ಪಡೆಯತಕ್ಕದ್ದು.

3. ಹೊಲಿಗೆ ಮಷಿನನ್ನು ಅಡುಗೆಮನೆಗೆ ವರ್ಗಾಯಿಸಲಾಗಿದೆ. ಅಲ್ಲಿ ಒಂದೇ ಪ್ಲಗ್ ಇರುವುದರಿಂದ ಒಂದು ತೋಳಿಗೆ ಒಂದು ಸುತ್ತು ಮಿಕ್ಸಿ ಎಂಬ ಅನುಪಾತ ಪಾಲಿಸತಕ್ಕದ್ದು. ‘ಅಡುಗೇಲಿ ದಾರ ಸಿಕ್ರೆ ನನ್ನ ಕೇಳ್ಬೇಡಿ ಮತ್ತೆ’ ಎಂಬ ತಾಯಿಯವರ ಹೇಳಿಕೆಯನ್ನು ದಾಖಲಿಸಿಕೊಳ್ಳಲಾಗಿದೆ.

4. ಮೂರನೆಯ ತೂತನ್ನು ಯಾರೂ ಇಣುಕಿ ನೋಡತಕ್ಕದ್ದಲ್ಲ. ನೋಡಲೇಬೇಕೆಂದು ಹಟ ಹಿಡಿಯುವ ಅತಿಥಿಗಳಿಗೆ ಮೊದಲೆರಡನ್ನು ತೋರಿಸತಕ್ಕದ್ದು.

5. ತೂತಿಗೆ ಪುಟ್ಟಿ ಮೆತ್ತಿ ಸುಮ್ಮನಿರುವ ಪ್ರಸ್ತಾವವನ್ನು, ‘ಪುಟ್ಟಿ ಹಚ್ಚಿದ್ರೆ ಕರೆಂಟ್ ಬರುತ್ತೇನ್ರೀ?’ ಎಂಬ ಹೊಲಿಗೆ ವಿಭಾಗದ ತಾಂತ್ರಿಕ ಅಭಿಪ್ರಾಯದ ಮೇರೆಗೆ ಕೈಬಿಡಲಾಗಿದೆ.

6. ಪತ್ನಿಯ ತಮ್ಮ ಎಲೆಕ್ಟ್ರಿಷಿಯನ್ ಆಗಿದ್ದು, ಹಲಗೆ ಕೂರಿಸಲು ತಾನೇ ಬರುವುದಾಗಿ ಹೇಳಿದಾಗ್ಯೂ ‘ಇಷ್ಟಕ್ಕೆಲ್ಲ ನೀನ್ಯಾಕೋ ಮಾರಾಯ’ ಎಂದು ಈ ವಿಭಾಗವು ಉತ್ತರಿಸಿದ್ದರಿಂದ, ಅವನಿಗೆ ವಿಷಯ ತಿಳಿಸುವುದನ್ನು ಸಂಪೂರ್ಣವಾಗಿ ನಿಷೇಧಿಸಲಾಗಿದೆ.

7. ಕಂಡಿಕೆ 3ರ ವ್ಯವಸ್ಥೆ ಒಂದು ಗಂಟೆಯೂ ನಡೆಯದೆ, ಇಂದು ಬೆಳಿಗ್ಗೆ ಹೊಲಿಗೆ ವಿಭಾಗವು ಕಿಟಕಿಯ ಬಳಿ ಕುಳಿತು ಆರನೆಯ ಕೋಟಿನ ತೋಳನ್ನು ಕೈಯಲ್ಲೇ ಹೊಲಿಯುತ್ತಿರುವುದು ಗಮನಕ್ಕೆ ಬಂದಿರುತ್ತದೆ. ಬೆರಳಿಗೆ ಬಟ್ಟೆ ಸುತ್ತಿಕೊಂಡಿರುವುದೂ ಗಮನಕ್ಕೆ ಬಂದಿರುತ್ತದೆ. ಆದಕಾರಣ ಕಂಡಿಕೆ 6ನ್ನು ತಕ್ಷಣದಿಂದಲೇ ರದ್ದುಪಡಿಸಲಾಗಿದೆ.

8. ಬಾವಮೈದನು ಗೋಡೆ ಒಡೆದು ತಂತಿ ಬದಲಿಸುವಾಗ ನಗಲು ಹತ್ತು ನಿಮಿಷಗಳ ಅನುಮತಿ ನೀಡಲಾಗಿದೆ. ಹಾನಿಯ ಪ್ರಮಾಣ ಕಂಡ ಮೇಲೆ ಇನ್ನೂ ಹತ್ತು ನಿಮಿಷ ವಿಸ್ತರಿಸಿಕೊಳ್ಳಬಹುದು. ಆ ವೇಳೆ ವಿಭಾಗಾಧಿಕಾರಿಯು ಟಾರ್ಚ್ ಹಿಡಿದು ನಿಲ್ಲತಕ್ಕದ್ದು, ಸಲಹೆ ನೀಡತಕ್ಕದ್ದಲ್ಲ.

ಸಹಿ/-
ವಿಭಾಗಾಧಿಕಾರಿ
(ಡ್ರಿಲ್ ಬಳಸುವ ಅಧಿಕಾರ ಹೊರತುಪಡಿಸಿ)

ಪ್ರತಿಗಳು:
1. ತಾಯಿಯವರಿಗೆ, ಮಿಕ್ಸಿ ಬಿಡುಗಡೆಯಾದ ಮಾಹಿತಿಗಾಗಿ.
2. ಪಕ್ಕದ ಮನೆಯವರಿಗೆ, ಗೋಡೆ ಒಡೆಯುವ ಸದ್ದನ್ನು ಮುಂಚಿತವಾಗಿ ಕ್ಷಮಿಸುವ ಸಲುವಾಗಿ.
3. ಬಾವಮೈದನಿಗೆ (ಫೋನ್ ಮೂಲಕ). ಹೊರಟಿದ್ದಾನೆ. ಕಂಡಿಕೆ 8ರ ಅನುಮತಿಯನ್ನು ದಾರಿಯಲ್ಲೇ ಬಳಸುತ್ತಿದ್ದಾನೆ.
4. ಹೊಲಿಗೆ ವಿಭಾಗಕ್ಕೆ, ಖುದ್ದಾಗಿ. ಕೋಟುಗಳಿಗೆ ಗುಂಡಿ ಹಾಕಲು ಸಹಿದಾರರನ್ನು ಶುಕ್ರವಾರ ಬೆಳಗಿನವರೆಗೆ ನಿಯೋಜಿಸಲಾಗಿದ್ದು, ಬೇಡವೆಂದಲ್ಲಿ ಬಾಗಿಲಲ್ಲೇ ನಿಂತು ಮರುಆದೇಶಕ್ಕೆ ಕಾಯುವರು.