ಮೋಟಾರು ಓದಿದ ಮಾವನವರು

ಓದುಗ ಮಹಾಶಯರಲ್ಲಿ ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನನ್ನ ಸೋದರಮಾವನವರು ಒಮ್ಮೆ ರಿಪೇರಿ ಮಾಡಿದ ಮೋಟಾರು ಮತ್ತೆ ದಾರಿಯಲ್ಲಿ ಕೆಟ್ಟು ನಿಂತ ಉದಾಹರಣೆ ಈ ಮೂಡಿಗೆರೆ ತಾಲ್ಲೂಕಿನಲ್ಲಿ ಒಂದೂ ಇರುವುದಿಲ್ಲ. ಕಾರಣವಿಷ್ಟೆ: ಅದು ಮತ್ತೆ ದಾರಿಗೆ ಇಳಿದ ಉದಾಹರಣೆಯೂ ಇರುವುದಿಲ್ಲ.

ನಾನು ಮೂಡಿಗೆರೆಯ ಒಂದು ಬಸ್ ಸರ್ವೀಸಿನ ಆಫೀಸಿನಲ್ಲಿ ಗುಮಾಸ್ತ. ಈವರೆಗೆ ಬರೆದದ್ದೆಲ್ಲ ಅರ್ಜಿ, ಜವಾಬು, ಜ್ಞಾಪನಪತ್ರಗಳೇ. ಒಬ್ಬ ಮನುಷ್ಯನ ವಿಷಯವಾಗಿ, ಅದರಲ್ಲೂ ತಾಯಿಯ ಸ್ವಂತ ತಮ್ಮನ ವಿಷಯವಾಗಿ ಬರೆಯಲು ಕುಳಿತದ್ದು ಇದೇ ಮೊದಲು. ಒಕ್ಕಣೆಯಲ್ಲಿ ಲೋಪವಿದ್ದರೆ ದಯಮಾಡಿ ಮನ್ನಿಸಬೇಕು. ಸಂಗತಿಯಲ್ಲಿ ಲೋಪವಿರಲಾರದು, ಬಹುಪಾಲು ನನ್ನ ಕಣ್ಣೆದುರಿಗೇ ನಡೆದದ್ದು, ಮಿಕ್ಕದ್ದಕ್ಕೆ ಆಫೀಸಿನಲ್ಲಿ ಕಾಗದಪತ್ರಗಳಿವೆ.

ಲೋಕದಲ್ಲಿ ಇತರರು ಮೋಟಾರು ಕೆಲಸವನ್ನು ಕಲಿಯುತ್ತಾರೆ. ನಮ್ಮ ಮಾವನವರು ಅದನ್ನು ಓದಿದರು. ಮದರಾಸಿನ ಕಡೆಯ ಒಂದು ಮೋಟಾರು ಶಾಲೆಯಲ್ಲಿ ಪೂರಾ ಒಂದು ವರ್ಷ ಬೆಂಚಿನ ಮೇಲೆ ಕುಳಿತು ಓದಿ, ಚಿನ್ನದ ಬಣ್ಣದ ಅಂಚಿನ ಒಂದು ಸರ್ಟಿಫಿಕೇಟನ್ನು ಪಡೆದುಕೊಂಡು ಬಂದರು. ಅದಕ್ಕೆ ಮಳೆಗಾಲದ ಬೂಷ್ಟು ಹಿಡಿಯದಿರಲೆಂದು ತಗಡಿನ ಒಂದು ಉದ್ದನೆಯ ಕೊಳವೆ ಮಾಡಿಸಿ, ಪಟ್ಟಿ ಹಾಕಿ ಹೆಗಲಿಗೆ ತೂಗಿಕೊಂಡರು. ಅವರನ್ನು ಮೊದಲ ಸಲ ಕಂಡವರು ಹಂದಿ ಬೇಟೆಗೆ ಹೊರಟವರೆಂದು ತಿಳಿದು, ಪಾಲು ಎಲ್ಲಿ ಹಂಚುತ್ತೀರಿ ಎಂದು ಕೇಳಿದ್ದುಂಟು.

ಸದರಿ ಶಾಲೆಯಲ್ಲಿ ಇದ್ದದ್ದು ಒಂದೇ ಇಂಜಿನ್ನು. ಅದನ್ನು ಹಲಸಿನ ಹಣ್ಣಿನಂತೆ ಉದ್ದಕ್ಕೆ ಸೀಳಿ, ಪೀಠದ ಮೇಲೆ ಕೂರಿಸಿ, ನೀರು ಹರಿಯುವಲ್ಲಿ ನೀಲಿ, ಎಣ್ಣೆ ಹರಿಯುವಲ್ಲಿ ಹಳದಿ, ಪೆಟ್ರೋಲು ಹರಿಯುವಲ್ಲಿ ಕೆಂಪು ಬಣ್ಣ ಬಳಿದಿದ್ದರಂತೆ. ಮಾಸ್ತರರು ಬೆತ್ತದಿಂದ ತೋರಿಸುವುದು, ವಿದ್ಯಾರ್ಥಿಗಳು ದೂರದಿಂದ ನೋಡಿ ಚಿತ್ರ ಬರೆದುಕೊಳ್ಳುವುದು. ಇದಕ್ಕೆ ವಿದ್ಯೆ ಎಂದು ಹೆಸರು! ಚಿತ್ರ ಬರೆಯುವುದರಲ್ಲಿ ಮಾವನವರು ಮೊದಲನೆಯವರಾಗಿ ತೇರ್ಗಡೆಯಾದರೆಂದು ನನ್ನ ತಾಯಿಯವರು ಇಂದಿಗೂ ಹೇಳುತ್ತಾರೆ. ನಮ್ಮ ಬಸ್ಸುಗಳ ಧಣಿಗಳಾದ ಸಾಹುಕಾರರು ನನ್ನ ಅಜ್ಜನವರ ಸ್ನೇಹಿತರು. ಹೀಗಾಗಿ ಮಾವನವರಿಗೆ ಸರ್ವೀಸಿನಲ್ಲಿ ಮೆಕ್ಯಾನಿಕ್ ಸ್ಥಾನ ದೊರೆಯಿತು. ಅಲ್ಲಿಂದ ನಮ್ಮ ಮೂರು ಬಸ್ಸುಗಳ ಗ್ರಹಚಾರ ಆರಂಭವಾಯಿತು.

ಶೆಡ್ಡಿನಲ್ಲಿ ಅದಕ್ಕೆ ಮೊದಲೇ ಅಂತೋಣಿ ಎಂಬುವನಿದ್ದನು. ಘಟ್ಟದ ಕೆಳಗಿನಿಂದ ಕ್ಲೀನರಾಗಿ ಬಂದವನು. ಶಾಲೆಯ ಬಾಗಿಲು ಕಂಡವನಲ್ಲ. ಹದಿನೈದು ವರ್ಷ ಬಸ್ಸಿನ ಅಡಿಯಲ್ಲಿ ಅಂಗಾತ ಮಲಗಿ ಕೆಲಸ ಕಲಿತಿದ್ದನು. ಭಾಗಗಳ ಹೆಸರು ಅವನಿಗೆ ತಿಳಿಯದು. ಕಾರ್ಬುರೇಟರಿಗೆ ಮೂಗು ಎನ್ನುವನು, ರೇಡಿಯೇಟರಿಗೆ ಹಂಡೆ ಎನ್ನುವನು. ಆದರೆ ಬಸ್ಸು ಕೊಟ್ಟಿಗೆಹಾರದ ರಸ್ತೆಯ ತಿರುವಿನಲ್ಲಿ ಬರುತ್ತಿರುವಾಗಲೇ ಶಬ್ದ ಕೇಳಿ, ಯಾವ ನಟ್ಟು ಸಡಿಲವಾಗಿದೆ ಎಂದು ಹೇಳುವನು. ಮಾವನವರು ಬಂದ ದಿನವೇ ಇಬ್ಬರಿಗೂ ಮಾತಾಯಿತು.

"ಮೂಗು ಕಟ್ಟಿದೆ ಸ್ವಾಮಿ," ಎಂದನು ಅಂತೋಣಿ.

"ಅದು ಮೂಗಲ್ಲ ಅಂತೋಣಿ, ಕಾರ್ಬುರೇಟರ್. ಎಲ್ಲಿ, ಒಂದ್ಸಲ ಹೇಳು ನೋಡುವ."

"ಆಯ್ತು ಸ್ವಾಮಿ, ನೀವು ಹೇಳಿದ್ದೇ ಸರಿ. ಅದಕ್ಕೆ ನೆಗಡಿ ಆಗಿದೆ."

ಅದೇ ದಿನ ಮಾವನವರು ಬಸ್ಸಿನ ಬಾನೆಟ್ಟನ್ನು ಎತ್ತಿಸಿ ಒಳಗೆ ನೋಡಿದರು. ಒಳಗೆಲ್ಲ ಕಪ್ಪಗಿತ್ತು. ನೀಲಿ ಇಲ್ಲ, ಹಳದಿ ಇಲ್ಲ, ಕೆಂಪು ಇಲ್ಲ. ಯಾವುದು ಎಲ್ಲಿ ಹರಿಯುತ್ತದೆಂದು ತಿಳಿಯುವುದು ಹೇಗೆ? ಮಾವನವರು ಬಣ್ಣ ತರಿಸಿ, ಎರಡು ದಿನ ಬಸ್ಸನ್ನು ನಿಲ್ಲಿಸಿಕೊಂಡು, ಇಡೀ ಇಂಜಿನ್ನಿಗೆ ಶಾಲೆಯ ಕ್ರಮದಲ್ಲಿ ಬಣ್ಣ ಬಳಿದರು. ಸಾಹುಕಾರರು ಬಂದು ನೋಡಿದರು.

"ಇದೆಂತ ಮಾರಾಯ್ರೇ?"

"ಇನ್ನು ಯಾವ ದ್ರವ ಎಲ್ಲಿ ಹರೀತದೆ ಅಂತ ಎಲ್ಲರಿಗೂ ಗೊತ್ತಾಗ್ತದೆ."

"ಹರೀಲಿ. ಬಸ್ಸು ಯಾವಾಗ ಹರೀತದೆ?"

ಅಂತೋಣಿ ಮಾತ್ರ ಯಕ್ಷಗಾನದ ವೇಷ ಕಟ್ಟುವ ಚೌಕಿಯಲ್ಲಿ ನಿಂತವನಂತೆ ಕೈಕಟ್ಟಿ ನಿಂತು, "ಬಣ್ಣದ ವೇಷ ತಯಾರು ಸ್ವಾಮಿ. ಕುಣಿಸೋದು ಯಾರು?" ಎಂದನು. ಕುಣಿಸಿದವನು ಅವನೇ. ಬಸ್ಸು ಬಾಳೂರು ಮುಟ್ಟುವಷ್ಟರಲ್ಲಿ ಕಾದ ಬಣ್ಣದ ವಾಸನೆಗೆ ಪ್ರಯಾಣಿಕರೆಲ್ಲರೂ ಕಿಟಕಿಯಿಂದ ತಲೆ ಹೊರಹಾಕಿ, ಎಡಬಲದ ಕಾಫಿ ಗಿಡಗಳಿಗೆ ತಮ್ಮ ಬೆಳಗಿನ ಉಪಾಹಾರವನ್ನು ಒಪ್ಪಿಸಿದರು.

ಇಷ್ಟಕ್ಕೆ ಮಾವನವರ ಖ್ಯಾತಿ ಕುಗ್ಗಿತೆಂದು ಓದುಗರು ಭಾವಿಸಕೂಡದು. ಖ್ಯಾತಿಗೆ ಆಧಾರ ಕೆಲಸವಲ್ಲ, ಹೆಗಲ ಮೇಲಿನ ಕೊಳವೆ. ಗೋಣಿಬೀಡಿನ ಕಡೆಯ ತೋಟದ ಮಾಲೀಕರೊಬ್ಬರು, "ನಮ್ಮ ಕಾರಿಗೆ ಸರ್ಟಿಫಿಕೇಟ್ ಇರೋರೇ ಕೈಹಾಕಬೇಕು, ಕಂಡಕಂಡವರಲ್ಲ," ಎಂದು ಹೇಳಿಕಳುಹಿಸಿದರು. ಮಾವನವರು ಹೋದರು. ಕಾರಿನ ಇಂಜಿನ್ನನ್ನು ಸಂಪೂರ್ಣವಾಗಿ ಬಿಚ್ಚಿದರು. ಬಿಚ್ಚಿದ ಭಾಗಗಳನ್ನು ಸಾಮಾನ್ಯರು ಬಿಚ್ಚಿದ ಕ್ರಮದಲ್ಲಿ ಜೋಡಿಸಿಡುತ್ತಾರೆ. ಮಾವನವರು ಅವುಗಳ ಇಂಗ್ಲಿಷ್ ಹೆಸರಿನ ಅಕ್ಷರಕ್ರಮದಲ್ಲಿ ಜೋಡಿಸಿದರು. ಜಾಗ ಸಾಲದೆ, ತೋಟದ ಕಣದಲ್ಲಿ ಸಿಪ್ಪೆ ಸುಲಿದು ಒಣಹಾಕಿದ್ದ ಪಾರ್ಚ್‌ಮೆಂಟ್ ಕಾಫಿಯ ಪಕ್ಕದಲ್ಲೇ ಸಾಲಾಗಿ ಹರವಿ, ಊಟಕ್ಕೆ ಹೋದರು.

ಕಣದಲ್ಲಿ ಹರವಿದ ಕಾಫಿಯನ್ನು ಆಗಾಗ್ಗೆ ತಿರುವಿ ಹಾಕಬೇಕೆಂಬುದು ಇಲ್ಲಿ ಎಲ್ಲರಿಗೂ ತಿಳಿದದ್ದೇ. ಹೊತ್ತಾಯಿತೆಂದು ಆಳು ಹೆಂಗಸರು ಮರದ ಹಲ್ಲಿನ ಹಲುಬೆ ಹಿಡಿದು ಬಂದರು. ಕಣದಲ್ಲಿ ಇದ್ದದ್ದನ್ನೆಲ್ಲ ಭೇದವಿಲ್ಲದೆ ತಿರುವಿ ಹಾಕಿದರು. ಮಾವನವರು ಎಲೆಯಡಿಕೆ ಹಾಕಿಕೊಂಡು ಬರುವಷ್ಟರಲ್ಲಿ ಅಕ್ಷರಮಾಲೆ ಕಾಫಿಯೊಳಗೆ ಸೇರಿಹೋಗಿತ್ತು.

"ಎಂತ ಮಾಡಿದ್ರಿ ನೀವು?" ಎಂದು ಅವರು ಕೇಳಿದರೆ, ಹೆಂಗಸರಲ್ಲಿ ಹಿರಿಯಳು, "ನೀವು ಒಣಗಿಸಲಿಕ್ಕೆ ಹಾಕಿದ್ದಲ್ವಾ ಅಯ್ಯಾ? ಒಂದೇ ಮಗ್ಗುಲು ಒಣಗಿದ್ರೆ ಸಾಲ್ತದಾ?" ಎಂದಳು.

ಮೂರು ದಿನ ಜರಡಿ ಹಿಡಿದರೂ ಎಲ್ಲವೂ ಸಿಕ್ಕಲಿಲ್ಲ. ತಿಂಗಳ ಮೇಲೆ ಕಾಫಿಬೀಜ ಹಸನು ಮಾಡುವ ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸಿನಿಂದ ಆ ತೋಟದ ಲೆಕ್ಕ ಬರೆಯುವ ರೈಟರಿಗೆ ಒಂದು ಕಾಗದ ಬಂದಿತು. ತಮ್ಮ ಮೂಟೆಯಲ್ಲಿ ಕಬ್ಬಿಣದ ಎರಡು ವಸ್ತುಗಳು ದೊರೆತಿದ್ದು, ಅವನ್ನು ಯಾವ ದರ್ಜೆಯ ಕಾಫಿಗೆ ಸೇರಿಸಬೇಕೆಂದು ತಿಳಿಸಬೇಕಾಗಿ ಅದರಲ್ಲಿ ಕೋರಿತ್ತು.

ತರುವಾಯ ಯುದ್ಧ ಬಂದಿತು, ಪೆಟ್ರೋಲು ಮಾಯವಾಯಿತು. ನಮ್ಮ ಬಸ್ಸುಗಳ ಬೆನ್ನಿಗೂ ದೊಡ್ಡ ಕಬ್ಬಿಣದ ಒಲೆಗಳನ್ನು ಕಟ್ಟಿದರು. ಅವುಗಳಲ್ಲಿ ಇದ್ದಿಲು ಉರಿಸಿ, ಬರುವ ಗ್ಯಾಸಿನಿಂದ ಇಂಜಿನ್ ಓಡಿಸಬೇಕು. ಅಂತೋಣಿ ಒಂದು ವಾರ ಅದರ ಮುಂದೆ ಕುಳಿತು, ಎರಡೂ ಹುಬ್ಬುಗಳನ್ನು ಸುಟ್ಟುಕೊಂಡು, ಅದರ ಗುಣವನ್ನು ತಿಳಿದುಕೊಂಡನು. ಮಾವನವರು ತಮ್ಮ ಪುಸ್ತಕವನ್ನು ಮೊದಲಿಂದ ಕಡೆಯವರೆಗೆ ತಿರುವಿ, ಅದರಲ್ಲಿ ಇದ್ದಿಲಿನ ಪ್ರಸ್ತಾಪವೇ ಇಲ್ಲದ್ದರಿಂದ, "ಇದು ಮೋಟಾರಲ್ಲ, ಬಚ್ಚಲೊಲೆ," ಎಂದು ತೀರ್ಮಾನ ಕೊಟ್ಟರು.

ಒಂದು ದಿನ ಕಳಸದ ಏಜೆಂಟರಿಗೆ ಟಪಾಲು ಕೊಡುವ ಸಲುವಾಗಿ ನಾನೂ ಬಸ್ಸಿನಲ್ಲಿದ್ದೆನು. ಬಾಳೂರು ದಾಟಿದ ಮೇಲೆ ಏರಿನಲ್ಲಿ ಬಸ್ಸು ಕೆಮ್ಮಿ ನಿಂತಿತು. ಅಂತೋಣಿ ಕೆಳಗಿಳಿಯುವಷ್ಟರಲ್ಲಿ ಮಾವನವರು ಅವನನ್ನು ತಡೆದು, ಶಾಲೆಯಲ್ಲಿ ಕೊಟ್ಟಿದ್ದ ದೋಷ ಪತ್ತೆಯ ಪಟ್ಟಿಯನ್ನು ಹೊರತೆಗೆದರು. ಅದರಲ್ಲಿ ನಲವತ್ತೆರಡು ಕಲಮುಗಳು.

"ಕಲಂ ಒಂದು. ಟ್ಯಾಂಕಿನಲ್ಲಿ ಪೆಟ್ರೋಲ್ ಇದೆಯೇ?"

ಡ್ರೈವರನು, "ಪೆಟ್ರೋಲ್ ಎಲ್ಲಿಂದ ಬರ್ಬೇಕು ಮಾರಾಯ್ರೇ, ಇದ್ದಿಲ ಬಸ್ಸಲ್ವಾ?" ಎಂದನು.

"ಇದೆಯೋ ಇಲ್ಲವೋ, ಅಷ್ಟೇ ಹೇಳಿ."

"ಇಲ್ಲ."

ಮಾವನವರು ಓದಿದರು: "ಇಲ್ಲವಾದರೆ, ಪೆಟ್ರೋಲ್ ತುಂಬಿ ಪುನಃ ಕಲಂ ಒಂದಕ್ಕೆ ಹೋಗುವುದು." ಪುನಃ ಕಲಂ ಒಂದಕ್ಕೆ ಹೋದರು. ಪುನಃ ಕೇಳಿದರು. ಡ್ರೈವರನು ಪುನಃ ಇಲ್ಲವೆಂದನು. ಮೂರನೆಯ ಸಲ ಪಟ್ಟಿ ಮೇಲಕ್ಕೆ ಹೋದಾಗ, ವೀಳ್ಯದೆಲೆಯ ಬುಟ್ಟಿ ಇಟ್ಟುಕೊಂಡು ಕುಳಿತಿದ್ದ ಮುದುಕಿಯೊಬ್ಬಳು ಎದ್ದು, "ನಂಗೆ ಹೋಗ್ಬೇಕಾದ್ದು ಕಳಸಕ್ಕೆ, ಕಲಂ ಒಂದಕ್ಕಲ್ಲ," ಎಂದು ಬುಟ್ಟಿಯನ್ನು ತಲೆಯ ಮೇಲಿಟ್ಟು ನಡೆದುಬಿಟ್ಟಳು. ಅವಳ ಹಿಂದೆ ಅರ್ಧ ಬಸ್ಸು ನಡೆಯಿತು.

ಅಷ್ಟರಲ್ಲಿ ಅಂತೋಣಿ ಹಿಂದಿನಿಂದ ಹೋಗಿ, ಗ್ಯಾಸು ಸೋಸುವ ಡಬ್ಬದಿಂದ ಬೂದಿ ಹಿಡಿದ ನಾರನ್ನು ಎಳೆದು, ದಾರಿಯ ಬದಿಯ ಕಲ್ಲಿಗೆ ನಾಲ್ಕು ಸಲ ಬಡಿದು, ತಿರುಗಿ ತುರುಕಿದನು. ಬಸ್ಸು ಹೊರಟಿತು. ಮುದುಕಿಯನ್ನು ದಾರಿಯಲ್ಲಿ ಹತ್ತಿಸಿಕೊಳ್ಳಲು ನಿಲ್ಲಿಸಿದರೆ, ಅವಳು ಮೊದಲು ಮಾವನವರ ಕೈಯಲ್ಲಿ ಪಟ್ಟಿ ಇದೆಯೋ ಇಲ್ಲವೋ ನೋಡಿಯೇ ಹತ್ತಿದಳು.

"ಕಲಂ ಮುಗಿಯದೆ ಬಸ್ಸು ಹೊರಡೋದು ಕ್ರಮ ಅಲ್ಲ," ಎಂದು ಮಾವನವರು ಕಳಸದವರೆಗೂ ಗೊಣಗುತ್ತಿದ್ದರು.

"ಬಸ್ಸು ಓದಿಲ್ಲವಲ್ಲ ಸ್ವಾಮಿ," ಎಂದನು ಅಂತೋಣಿ.

ಹೀಗೆ ಆರು ವರ್ಷ ನಡೆಯಿತು. ಆಫೀಸಿನ ಪಟ್ಟಿಯಲ್ಲಿ ಮೆಕ್ಯಾನಿಕ್ ಎಂದು ಮಾವನವರ ಹೆಸರು, ಕ್ಲೀನರ್ ಎಂದು ಅಂತೋಣಿಯ ಹೆಸರು. ಕೆಲಸ ಮಾಡಿದವನು ಯಾರೆಂಬುದನ್ನು ಪಟ್ಟಿಯಲ್ಲಿ ಬರೆಯುವ ಕ್ರಮವಿಲ್ಲ.

ಆಗ ಮೇಲಿನ ಕಚೇರಿಯಿಂದ ಒಂದು ಸುತ್ತೋಲೆ ಬಂದಿತು. ಇದ್ದಿಲ ಬಸ್ಸುಗಳಿಗೆ ಬೆಂಕಿಯ ಅಪಾಯವಿರುವುದರಿಂದ, ಪ್ರತಿ ಸರ್ವೀಸೂ ಒಬ್ಬನೇ ಮೆಕ್ಯಾನಿಕ್ಕನ ಹೆಸರನ್ನು ನೋಂದಾಯಿಸತಕ್ಕದ್ದು. ಅವನ ಹೊರತು ಬೇರೊಬ್ಬರು ಇಂಜಿನ್ನಿಗಾಗಲಿ ಒಲೆಗಾಗಲಿ ಕೈಹಾಕಕೂಡದು. ಅವನು ಶಾಲೆಯ ಸರ್ಟಿಫಿಕೇಟು ಉಳ್ಳವನಾಗಿರಬೇಕು, ಇಲ್ಲವೇ ಸರ್ಟಿಫಿಕೇಟು ಉಳ್ಳವರೊಬ್ಬರು ಅವನನ್ನು ಮೂರು ದಿನ ಪರೀಕ್ಷಿಸಿ, ಯೋಗ್ಯನೆಂದು ಸಹಿ ಮಾಡಿರಬೇಕು.

ಸಾಹುಕಾರರು ಅದನ್ನು ನನ್ನಿಂದ ಎರಡು ಸಲ ಓದಿಸಿದರು. ಮಾವನವರ ಹೆಸರು ನೋಂದಾಯಿಸಿದರೆ ಅಂತೋಣಿ ಇನ್ನು ಬಸ್ಸು ಮುಟ್ಟುವಂತಿಲ್ಲ, ಬಸ್ಸುಗಳು ನಿಂತಂತೆಯೇ. ಅಂತೋಣಿಯ ಹೆಸರು ನೋಂದಾಯಿಸಬೇಕಾದರೆ ಮಾವನವರೇ ಸಹಿ ಮಾಡಬೇಕು. ಮಾಡಿದರೆ ಇರುವ ಒಂದು ಸ್ಥಾನವನ್ನು ತಾವೇ ಬಿಟ್ಟುಕೊಟ್ಟಂತೆ. ಸುತ್ತಮುತ್ತ ಸರ್ಟಿಫಿಕೇಟು ಉಳ್ಳ ಬೇರೊಬ್ಬರು ಯಾರೂ ಇಲ್ಲ.

"ನಾನು ಹ್ಯಾಗೆ ಬಾಯಿಬಿಟ್ಟು ಕೇಳಲಿ? ನಿನ್ನ ಮಾವ, ಅಂತೋಣಿಗೆ ಸಹಿ ಹಾಕಿ ಅಂತ ನೀನೇ ಒಂದು ಕಾಗದ ಬರಿ," ಎಂದರು ಸಾಹುಕಾರರು.

ಬರೆದೆನು. 'ಇದರಿಂದ ತಮ್ಮ ಸ್ಥಾನಕ್ಕೆ ಬಾಧಕ ಬರುವ ಸಂಭವವಿರುವುದಾದರೂ' ಎಂದು ಒಂದು ಸಾಲನ್ನು ಬಹಳ ಯೋಚಿಸಿ ಸೇರಿಸಿದೆನು. ಮಾವನವರು ಓದಿ, "ಸಂಭವ ಅಂತ ಯಾಕೆ ಬರೆದಿ? ಬಾಧಕ ಬರ್ತದೆ ಅಂತಲೇ ಬರಿ," ಎಂದು ಹೇಳಿ, ಕಾಗದವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಹೋದರು.

ಮೂರು ದಿನ ಪರೀಕ್ಷೆ ಮಾಡಿ ಅಂತೋಣಿಯನ್ನು ಫೇಲು ಮಾಡುತ್ತಾರೆಂದು ನಾವೆಲ್ಲ ನಿಶ್ಚಯಿಸಿಕೊಂಡೆವು. ಇಂಗ್ಲಿಷ್ ಹೆಸರು ಕೇಳಿದರೆ ಸಾಕಲ್ಲ, ಅವನಿಗೆ ಒಂದೂ ಬಾರದು. ಅಂತೋಣಿಯ ಹೆಂಡತಿ ಶೆಡ್ಡಿನ ಹಿಂದಿನ ಕೋಣೆಯಲ್ಲಿ ಪಾತ್ರೆಗಳನ್ನು ಕಟ್ಟತೊಡಗಿದ್ದಳು. ಎದುರು ಹೋಟೆಲಿನವರು ಸಹ, "ನಿಮ್ಮ ಮಾವನಿಗೆ ಈಗ ಸುಗ್ಗಿ," ಎಂದು ನನ್ನನ್ನು ಹಂಗಿಸಿದರು. ನನ್ನ ಅಭಿಪ್ರಾಯವೂ ಅದೇ ಆಗಿತ್ತು.

ನನ್ನ ಮೇಜಿನ ಪಕ್ಕದ ಕಿಟಕಿ ಶೆಡ್ಡಿಗೆ ತೆರೆಯುತ್ತದೆ. ಮೊದಲನೆಯ ದಿನ ಅಂತೋಣಿ ಮೂಗು ಎಂದನು, ಹಂಡೆ ಎಂದನು. ಮಾವನವರು ತಿದ್ದಲಿಲ್ಲ. ಎರಡನೆಯ ದಿನ ನಾನು ತಲೆಯೆತ್ತಿ ನೋಡಿದರೆ, ಬಸ್ಸಿನ ಅಡಿಯಿಂದ ಎರಡು ಜೊತೆ ಕಾಲುಗಳು ಹೊರಗೆ ಚಾಚಿದ್ದವು. ಒಂದು ಜೊತೆ ಮಾವನವರದು.

"ಇಲ್ಲಿ ಮಾತ್ರ ಯಾಕೆ ಹೀಗೆ ಸವೆದಿದೆ?" ಎಂದು ಮಾವನವರ ಧ್ವನಿ ಕೇಳಿಸಿತು.

"ಮೇಲಿನ ಹೊರೆ ಎಲ್ಲಾ ಆ ಕಡೆ ಹಾಕ್ತಾರಲ್ಲ ಸ್ವಾಮಿ, ಏಣಿ ಇರೋದು ಅದೇ ಬದಿ. ಕೈ ಕೊಡಿ ಇಲ್ಲಿ. ಹಾಂ, ಇಲ್ಲಿ ಇಡಿ." ಅಂತೋಣಿ ಡ್ರೈವರನನ್ನು ಕರೆದು ಇಂಜಿನ್ ಶುರುಮಾಡಿಸಿದನು. "ಈಗ ಗೊತ್ತಾಯ್ತಾ?"

ಮಾವನವರ ಕಾಲುಗಳು ಇನ್ನಷ್ಟು ಒಳಗೆ ಸರಿದವು.

"ನಡುಗ್ತದೆ."

"ಅದೇ. ಆ ನಡುಕ ಹೆಚ್ಚಾದ್ರೆ ಬೋಲ್ಟು ಸಡಿಲ ಅಂತ. ನಿಮ್ಮ ಶಾಲೇಲಿ ಇದು ಹೇಳ್ಕೊಡ್ಲಿಲ್ವಾ?"

"ನಮ್ಮ ಶಾಲೆ ಇಂಜಿನ್ ಒಂದು ದಿನವೂ ಓಡಿದ್ದಲ್ಲ ಅಂತೋಣಿ," ಎಂದರು ಮಾವನವರು. ಈ ಮಾತನ್ನು ಅವರು ನನ್ನ ತಾಯಿಯವರಿಗೂ ಹೇಳಿದ್ದಿಲ್ಲ.

ಮೂರನೆಯ ದಿನ ಅವರು ಮಧ್ಯಾಹ್ನದ ಊಟಕ್ಕೂ ಹೊರಗೆ ಬರಲಿಲ್ಲ. ಅಂತೋಣಿಯ ಹೆಂಡತಿ ಗಂಜಿಯ ತಟ್ಟೆಗಳನ್ನು ಬಸ್ಸಿನ ಅಡಿಗೇ ತಳ್ಳಿದಳು.

ನಾಲ್ಕನೆಯ ದಿನ ಬೆಳಿಗ್ಗೆ ಮಾವನವರು ಬಂದು ಶಿಫಾರಸಿನ ಕಾಗದವನ್ನು ನನ್ನ ಮೇಜಿನ ಮೇಲಿಟ್ಟರು. ಅಂತೋಣಿ ಯೋಗ್ಯನೆಂದು, ತಮಗಿಂತ ಯೋಗ್ಯನೆಂದು, ಅಂದವಾದ ಅಕ್ಷರದಲ್ಲಿ ಬರೆದು ಸಹಿ ಮಾಡಿದ್ದರು. ನಾನು ಮೊಹರು ಒತ್ತಿದೆನು. ಅವರು ಹೋಗಲಿಲ್ಲ.

"ಇನ್ನೊಂದು ಕಾಗದ ಬರೀಬೇಕು," ಎಂದರು.

"ಯಾವುದು ಮಾವ?"

"ಅಂತೋಣಿ ಮೆಕ್ಯಾನಿಕ್ ಆದ ಮೇಲೆ ಕ್ಲೀನರ್ ಕೆಲಸ ಖಾಲಿ ಅಲ್ವನಾ? ಅದಕ್ಕೆ ಒಂದು ಅರ್ಜಿ. ನಿಂಗೆ ಇದರ ಒಕ್ಕಣೆ ಚೆನ್ನಾಗಿ ಗೊತ್ತುಂಟು."

ನಾನು ಹಾಳೆ ತೆಗೆದುಕೊಂಡೆನು. ಹೆಸರು ಬರೆದೆನು. ವಯಸ್ಸು, ನಲವತ್ತೇಳು. ವಿದ್ಯಾರ್ಹತೆ ಎಂಬಲ್ಲಿ ಮದರಾಸಿನ ಶಾಲೆಯ ಹೆಸರನ್ನು ಬರೆಯಹೊರಟಾಗ ಅವರು ನನ್ನ ಕೈ ಹಿಡಿದು, "ಅದು ಬೇಡ, ಖಾಲಿ ಬಿಡು," ಎಂದರು.

"ಅನುಭವ?" ಎಂದು ಕೇಳಿದೆನು. ಆರು ವರ್ಷ ಎನ್ನುವರೆಂದು ಲೇಖನಿಯನ್ನು ಅದ್ದಿಯೂ ಇದ್ದೆನು.

"ಮೂರು ದಿನ ಅಂತ ಬರಿ."

ಹಾಗೆಯೇ ಬರೆದೆನು. ಅವರು ಸಹಿ ಮಾಡಿ ಶೆಡ್ಡಿಗೆ ಹೋದರು. ಸದರಿ ಅರ್ಜಿಯನ್ನು ಸಾಹುಕಾರರ ಮುಂದೆ ಇಡುವುದಕ್ಕೆ ಮೊದಲು, ಗುಮಾಸ್ತನಾದವನು ಸೇರಿಸಬಾರದ ಒಂದು ಸಾಲನ್ನು ನಾನು ಅದರ ಅಡಿಯಲ್ಲಿ ಸೇರಿಸಿದೆನು. ಅದು ಸಾಹುಕಾರರಿಗೆ ತಿಳಿದ ಸಂಗತಿಯೇ. ಆದರೆ ಆಫೀಸಿನ ಯಾವ ಕಾಗದದಲ್ಲಿಯೂ ನಾನು ಅದುವರೆಗೆ ಒಪ್ಪಿಕೊಂಡಿರಲಿಲ್ಲ. 'ಅರ್ಜಿದಾರರು ನನ್ನ ಸೋದರಮಾವನವರಾಗಿರುತ್ತಾರೆ' ಎಂದು ಬರೆದು, ಅದರ ಕೆಳಗೆ ನನ್ನ ಸಹಿಯನ್ನು ಹಾಕಿದೆನು.