ಅಪ್ಪ ಅಮ್ಮ ಕಾರಿನಲ್ಲೇ ಇರಬೇಕು

ನಮ್ಮ ಭಾವನವರಷ್ಟು ಒಳ್ಳೆಯ ಫೋಟೋಗ್ರಾಫರ್ ಇಡೀ ಸಿಯಾಟಲ್ ಸೀಮೆಯಲ್ಲಿ ಇಲ್ಲ. ಅವರಷ್ಟು ಬೈಗುಳ ತಿಂದ ಫೋಟೋಗ್ರಾಫರೂ ಇಲ್ಲ! ಬೈಯುವವರು ಫೋಟೋ ತೆಗೆಸಿಕೊಂಡ ಮಕ್ಕಳಲ್ಲ, ಅವರ ಅಪ್ಪ ಅಮ್ಮಂದಿರು.

ಭಾವ ಎಂದರೆ ನನ್ನ ಗಂಡನ ಅಣ್ಣ. ಧಾರವಾಡದವರು. ವಾರವಿಡೀ ಎವರೆಟ್‌ನ ಕಾರ್ಖಾನೆಯಲ್ಲಿ ವಿಮಾನದ ರೆಕ್ಕೆಗಳನ್ನು ತಪಾಸಣೆ ಮಾಡುತ್ತಾರೆ. ಅಕ್ಟೋಬರ್ ಬಂತೆಂದರೆ ಶನಿವಾರ ಭಾನುವಾರ ಕ್ಯಾಮೆರಾ ಹೆಗಲಿಗೇರುತ್ತದೆ. ಇಲ್ಲಿ ಹೈಸ್ಕೂಲಿನ ಕೊನೆಯ ವರ್ಷದ ಮಕ್ಕಳನ್ನು ಸೀನಿಯರ್ ಎನ್ನುತ್ತಾರೆ. ಮೇಪಲ್ ಎಲೆ ಹಳದಿಗೆ ತಿರುಗುವ ಹೊತ್ತಿಗೆ ಅವರನ್ನು ಪಾರ್ಕಿಗೆ ಕರೆದೊಯ್ದು ಫೋಟೋ ತೆಗೆಸಬೇಕು. ಇಲ್ಲಿನ ನಮ್ಮ ಕನ್ನಡದವರಿಗಂತೂ ಅದು ಅರ್ಧ ಮದುವೆ! ಭಾವ ಎಲ್ಲರಿಗೂ ಪುಕ್ಕಟೆ ತೆಗೆದುಕೊಡುತ್ತಾರೆ. ಒಂದೇ ಷರತ್ತು: ಅಪ್ಪ ಅಮ್ಮ ಕಾರಿನಿಂದ ಇಳಿಯಕೂಡದು.

ಇದ್ಯಾವ ನ್ಯಾಯ? ಹೆತ್ತು ಸಾಕಿದವರು ಪಾರ್ಕಿಂಗ್ ಲಾಟಿನಲ್ಲಿ, ನಾಯಿ ಹಿಡಿದು ವಾಕಿಂಗ್ ಬಂದ ಯಾರೋ ಫೋಟೋದ ಹಿನ್ನೆಲೆಯಲ್ಲಿ!

ಕ್ರಾಸ್‌ರೋಡ್ಸ್ ಬಡಾವಣೆಯ ಒಬ್ಬ ಅಪ್ಪ ತಡೆಯಲಾರದೆ ಮೆಲ್ಲಗೆ ಬಂದು ಮರದ ಹಿಂದೆ ಅಡಗಿ ನಿಂತರಂತೆ. ಭಾವ ಕಂಡೂ ಕಾಣದಂತೆ ಫೋಟೋ ತೆಗೆದರು. ಮಗಳು ಚೆನ್ನಾಗಿ ಬಂದಿದ್ದಳು. ಹಿಂದಿನ ಮರದ ಪಕ್ಕದಲ್ಲಿ ಅಪ್ಪನ ಹೊಟ್ಟೆಯೂ ಅಷ್ಟೇ ಚೆನ್ನಾಗಿ ಬಂದಿತ್ತು. "ಮರಕ್ಕ ಹೊಟ್ಟಿ ಬಂದದ, ಅಡ್ಡಿಯಿಲ್ಲ" ಎಂದು ಭಾವ ಅದನ್ನೇ ಕಳಿಸಿಕೊಟ್ಟರು.

ರೆಡ್ಮಂಡ್‌ನ ತಾಯಿಯೊಬ್ಬರು ಇನ್ನೂ ಜಾಣೆ. ಕಾರಿನಿಂದಲೇ ಮಗನ ಫೋನಿಗೆ ಕಾಲ್ ಮಾಡಿ, ಸ್ಪೀಕರ್ ಹಾಕಿ ಅದನ್ನು ಹಾಗೇ ಜೇಬಿನಲ್ಲಿಟ್ಟುಕೊಳ್ಳಲು ಹೇಳಿದ್ದರು. ಭಾವ ಕ್ಯಾಮೆರಾಕ್ಕೆ ಕಣ್ಣು ಹಚ್ಚಿದ್ದೇ ತಡ, ಹುಡುಗನ ಪ್ಯಾಂಟು "ನಗೋ, ಹಲ್ಲು ಕಾಣ್ಸೋ!" ಎಂದು ಕೂಗಿತು. ಭಾವ ಆ ಫೋನನ್ನು ಕಾರಿನವರೆಗೂ ಹೊತ್ತು ತಂದು ಆಕೆಯ ಕೈಗಿಟ್ಟು, "ನಿಮ್ಮ ಮಗನ ಕಿಸೆ ಭಾಳ ಮಾತಾಡ್ತದ ನೋಡ್ರಿ" ಎಂದರು.

ಇಷ್ಟು ದಿನ ಈ ಕಥೆಗಳನ್ನು ಹೇಳಿಕೊಂಡು ಬಿದ್ದು ಬಿದ್ದು ನಗುತ್ತಿದ್ದೆ. ಈ ವರ್ಷ ನಮ್ಮ ಅನಘಾಳ ಸರದಿ ಬಂತು, ನಗು ನಿಂತಿತು.

ಮುಂದಿನ ವರ್ಷ ಎಲೆ ಉದುರುವ ಹೊತ್ತಿಗೆ ನನ್ನ ಮಗಳು ಯಾವುದೋ ಊರಿನ ಕಾಲೇಜಿನಲ್ಲಿರುತ್ತಾಳೆ. ಅವಳು ನಗುತ್ತಿರುವ ಒಂದೇ ಒಂದು ಫೋಟೋ ನನಗೆ ಬೇಕಿತ್ತು. ಮನೆಯಲ್ಲಿ ಆ ನಗು ಕಂಡು ವರ್ಷಗಳೇ ಆಗಿವೆ. ಏನು ಕೇಳಿದರೂ "ಫೈನ್", ಇನ್ನೊಮ್ಮೆ ಕೇಳಿದರೆ "ಐ ಸೆಡ್ ಫೈನ್, ಅಮ್ಮ." ಭಾವನಿಗೆ ಹೋಳಿಗೆ ಮಾಡಿ ಬಡಿಸಿ ಕೇಳಿಕೊಂಡೆ, "ನಾನೊಬ್ಬಳು ಪಕ್ಕದಲ್ಲಿ ನಿಂತ್ಕೋತೀನಿ ಭಾವ, ಬಾಯಿ ಬಿಡಲ್ಲ." ನಾಲ್ಕು ಹೋಳಿಗೆ ತಿಂದರು. "ಕಾರಿನ್ಯಾಗ ಕೂಡು" ಎಂದರು.

ಕುಳಿತೆ. ಹತ್ತು ನಿಮಿಷ ಕುಳಿತೆ! ಆಮೇಲೆ ಹಿಂದಿನ ಸೀಟಿನಲ್ಲಿ ಅವಳ ಸ್ವೆಟರ್ ಕಂಡಿತು. ಮಗುವಿಗೆ ಚಳಿಯಾಗುವುದಿಲ್ಲವೇ? ಹಿಡಿದುಕೊಂಡು ಹೊರಟೆ.

ಅನಘಾ ಬಿದ್ದ ಮರದ ದಿಮ್ಮಿಯ ಮೇಲೆ ಕುಳಿತಿದ್ದಳು. ನನ್ನನ್ನು ಕಂಡಳು.

"ಕೂದಲು ಹಿಂದಕ್ಕೆ ಹಾಕ್ಕೋ ಪುಟ್ಟಾ. ಬೆನ್ನು ನೆಟ್ಟಗೆ."

"ಅಮ್ಮಾ, ಪ್ಲೀಸ್."

ಭಾವ ಬೈಯಲಿಲ್ಲ. ಒಂದು ಫೋಟೋ ತೆಗೆದು, ನನ್ನ ಹತ್ತಿರ ಬಂದು ಕ್ಯಾಮೆರಾ ತಿರುಗಿಸಿ ತೋರಿಸಿದರು. ತುಟಿ ಬಿಗಿದುಕೊಂಡ, ಕಣ್ಣಲ್ಲಿ ಏನೂ ಇಲ್ಲದ ಮುಖ. ನಾನು ದಿನಾ ನೋಡುವ ಮುಖ. ಅವಳ ಮುಖವೇ ಹಾಗೆ ಎಂದುಕೊಂಡಿದ್ದೆ. ಭಾವ ಗುಂಡಿ ಒತ್ತಿ ಅದರ ಹಿಂದಿನ ಫೋಟೋಕ್ಕೆ ಹೋದರು. ಅಲ್ಲಿ ನನ್ನ ಮಗಳು ತಲೆ ಹಿಂದಕ್ಕೆಸೆದು ನಗುತ್ತಿದ್ದಳು. ಎರಡರ ನಡುವೆ ಒಂದೇ ನಿಮಿಷ. ಆ ನಿಮಿಷದಲ್ಲಿ ನಡೆದದ್ದು ನಾನು ಬಂದದ್ದು.

"ನಾನೂ ಹಿಂಗ ನಿಂತಿದ್ದೆನವಾ," ಎಂದರು ಭಾವ, ಮೆಲ್ಲಗೆ. "ನನ್ನ ಮಗನ ಸೀನಿಯರ್ ಫೋಟೋ ತಗಸೋ ಮುಂದ. ಎದಿ ಮುಂದ ಮಾಡು, ಕಾಲರ್ ನೆಟ್ಟಗ ಮಾಡ್ಕೊ, ನಗು ಅಂತ ಒಂದೇ ಸವನ ಒದರಿದೆ. ನಲವತ್ತು ಫೋಟೋ. ಒಂದರಾಗೂ ಅಂವ ಕ್ಯಾಮೆರಾ ನೋಡಿಲ್ಲ. ಎಲ್ಲಾದರಾಗೂ ನನ್ನ ಮಾರಿ ನೋಡ್ಲಿಕತ್ತಾನ, ಸರಿ ಅದ ಏನು ಅಂತ." ಲೆನ್ಸಿಗೆ ಮುಚ್ಚಳ ಹಾಕಿದರು, ಮತ್ತೆ ತೆಗೆದರು. "ಈಗ ದೂರ ಇದ್ದಾನ. ಫೋನ್ ಮಾಡ್ತಾನ. ಅಂವ ಮನಸಾರೆ ನಕ್ಕರ ಹೆಂಗ ಕಾಣ್ತಾನ, ನನಗ ಗೊತ್ತಿಲ್ಲವಾ."

ಆ ನಗುವ ಫೋಟೋವನ್ನೇ ನೋಡುತ್ತ ನಿಂತೆ. ಆಗ ಕಂಡಿತು: ಅವಳು ಒಂದು ಕೈಯಲ್ಲಿ ಗಾಳಿಯನ್ನು ಬಿಗಿಯಾಗಿ ಹಿಡಿದಿದ್ದಾಳೆ, ಬಲಗಾಲು ಮುಂದಕ್ಕೆ ಸೆಟೆದಿದೆ.

"ಇದೇನು ಭಾವ, ಹೀಗೆ ಕೂತಿದಾಳೆ?"

"ಅದು ನೀನ ಅಲ್ಲೇನು! ಇಲ್ಲಿ ಬರೋ ಮುಂದ ಗಾಡಿ ಆಕಿನ ಓಡಿಸಿದ್ಲಂತ. ಬಾಜೂಕ ಕುಂತು ನೀ ಹಿಡಿಕಿ ಬಿಗಿ ಹಿಡದು ಇಲ್ಲದ ಬ್ರೇಕ್ ಒತ್ತತಿದ್ದಿಯಂತ. ಮಾಡಿ ತೋರಸ್ಲಿಕತ್ತಿದ್ಲು, ಅಚ್ಚ ಕನ್ನಡದಾಗ."

ಸ್ವೆಟರನ್ನು ಅವರ ಕೈಗಿಟ್ಟು ತಿರುಗಿ ನಡೆದೆ. ಕಣ್ಣು ತುಂಬಿ ದಾರಿ ಸರಿಯಾಗಿ ಕಾಣಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಹಿಂದಿನಿಂದ ನನ್ನದೇ ದನಿ ಕೇಳಿಸಿತು: "ನಿಧಾನ ಪುಟ್ಟಾ, ನಿಧಾನ, ಅಯ್ಯೋ ದೇವ್ರೇ!" ಅದರ ಬೆನ್ನಿಗೇ ಅವಳ ನಗು. ತಿರುಗಿ ನೋಡಬೇಕೆಂದು ಜೀವ ಬಡಿದುಕೊಂಡಿತು. ನೋಡಲಿಲ್ಲ.